ಅಪ್ಪನ ಹಳೇ ಕಾರು: ಎಂಜಿನ್ ಇಳಿಸದೆ ಹೊಗೆ ನಿಲ್ಲಿಸಿದ ಕೆಲಸ

ಮೀಟರ್ 1,86,400

ಅಪ್ಪ ಸೆಕೆಂಡ್‌ಹ್ಯಾಂಡ್ ಕೊಂಡಿದ್ದ 2006ರ ಪೆಟ್ರೋಲ್ ಕಾರು ಈಗ ನನ್ನ ಕೈಗೆ ಬಂದಿದೆ. ಬೆಳಗ್ಗೆ ಸೆಲ್ಫ್ ಹೊಡೆದ ಕೂಡಲೇ ನೀಲಿ ಹೊಗೆ ಬರುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ, "ರಿಂಗ್ ಹೋಗಿದೆ ಸಾರ್, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಅಂದರು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ ಅಂತ. ರಿಂಗ್ ಅಂದರೆ ಪಿಸ್ಟನ್ ಸುತ್ತಲಿನ ಉಂಗುರ, ಅದು ಸವೆದರೆ ಆಯಿಲ್ ಮೇಲೆ ಬಂದು ಉರಿಯುತ್ತದೆ. ಆದರೂ ನನಗೆ ಮನಸ್ಸು ಒಪ್ಪಲಿಲ್ಲ. ಅಳೆದು ನೋಡದೆ ಬಿಚ್ಚುವುದು ಬೇಡ ಅನ್ನಿಸಿತು. ಆಯಿಲ್ ಅನ್ನು ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ತುಂಬಿಸಿ, ಮೀಟರ್ ಬರೆದಿಟ್ಟುಕೊಂಡೆ.

ಮೀಟರ್ 1,87,400

ಸಾವಿರ ಕಿ.ಮೀ.ಗೆ 700 ಎಂಎಲ್ ಆಯಿಲ್ ಹೋಗಿದೆ. ಜಾಸ್ತಿಯೇ. ಆದರೆ ದಾರಿಯಲ್ಲಿ ಒಂದು ಸುಳಿವು ಸಿಕ್ಕಿತು. ಶಿರಾಡಿ ಘಾಟಿ ಹತ್ತುವಾಗ ಎಷ್ಟು ಒತ್ತಿದರೂ ಹೊಗೆ ಇಲ್ಲ. ಸಕಲೇಶಪುರದಿಂದ ಗೇರ್‌ನಲ್ಲೇ ಇಳಿದು, ಘಾಟಿಯ ಬುಡದ ಗುಂಡ್ಯದಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಮೋಡ! ಕಾಲು ತೆಗೆದು ಇಳಿಯುವಾಗ ಇನ್‌ಟೇಕ್‌ನಲ್ಲಿ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ವ್ಯಾಕ್ಯೂಮ್, ಅಂದರೆ ಒಳಗೆ ಎಳೆಯುವ ಸೆಳೆತ, ಏರುತ್ತದೆ. ವಾಲ್ವ್ ಕಡ್ಡಿಯ ಸುತ್ತಲಿನ ರಬ್ಬರ್ ಸೀಲ್ ಹಳತಾಗಿ ಗಟ್ಟಿಯಾಗಿದ್ದರೆ, ಎಂಜಿನ್‌ನ ಮೇಲ್ಭಾಗವಾದ ಹೆಡ್‌ನಲ್ಲಿರುವ ಆಯಿಲ್ ಅನ್ನು ಆ ಸೆಳೆತ ಅಲ್ಲಿಂದ ಒಳಗೆ ಎಳೆದುಕೊಳ್ಳುತ್ತದೆ. ರಿಂಗ್ ಸವೆದಿದ್ದರೆ ಹತ್ತುವಾಗಲೂ ಹೊಗೆ ಕಾಣಬೇಕಿತ್ತು, ಅಲ್ವಾ?

ಭಾನುವಾರ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಹುಟ್ಟುತ್ತದೆ ಅಂತ, ನೋಡಿದೆ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪ್‌ನ ಫ್ಯೂಸ್ ಮತ್ತು ಕಾಯಿಲ್ ಕನೆಕ್ಟರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದೆ. 172, 168, 170, 165 ಪಿಎಸ್ಐ (ಒತ್ತಡದ ಅಳತೆ). ಪ್ಲಗ್ ತೂತಿನಿಂದ ಒಂದೊಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದರೆ ನಾಲ್ಕೈದು ಪಿಎಸ್ಐ ಮಾತ್ರ ಏರಿತು. ರಿಂಗ್ ಸವೆದಿದ್ದರೆ ಆ ಆಯಿಲ್ ಸಂದು ಮುಚ್ಚಿ ಇನ್ನೂ ಬಹಳ ಏರುತ್ತಿತ್ತು. ಹೆಚ್ಚುಕಮ್ಮಿ ಒಂದೇ ಸಮ ಇದ್ದ ಆ ನಾಲ್ಕು ಅಂಕಿ ಕಂಡು ತುಂಬಾ ಖುಷಿಯಾಯಿತು. ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ಪಿಸಿವಿ ವಾಲ್ವ್ ಕೆಟ್ಟರೂ ಆಯಿಲ್ ಹೋಗಬಹುದು, ಅದನ್ನೂ ಬಿಚ್ಚಿ ಅಲ್ಲಾಡಿಸಿದೆ. ಟಕಟಕ ಅಂದಿತು, ಸರಿ ಇದೆ.

ಮೀಟರ್ 1,87,650

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ವಾಲ್ವ್‌ಗೆ ಒಂದರಂತೆ ಹದಿನಾರು ಸೀಲ್, ಹೆಡ್ ಮೇಲಿನ ಟ್ಯಾಪೆಟ್ ಕವರ್‌ಗೆ ಪ್ಯಾಕಿಂಗ್, ವಾಲ್ವ್ ಸ್ಪ್ರಿಂಗ್ ಒತ್ತುವ ಟೂಲ್ ತಂದೆ.

ಹೆಡ್ ಇಳಿಸಲಿಲ್ಲ. ಪಿಸ್ಟನ್ ಕೆಳಗಿರುವಾಗ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುಂಬಿಸಿದೆ. ತುದಿ ಹೊರಗೇ ಇರಬೇಕು, ಇದು ಮುಖ್ಯ. ಆಮೇಲೆ ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರ್‌ನಲ್ಲಿ ನಿಧಾನಕ್ಕೆ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದು ಹಗ್ಗವನ್ನು ವಾಲ್ವ್‌ಗಳಿಗೆ ಒತ್ತುತ್ತದೆ. ಸ್ಪ್ರಿಂಗ್ ತೆಗೆದರೂ ವಾಲ್ವ್ ಒಳಗೆ ಬೀಳುವುದಿಲ್ಲ. ವಾಲ್ವ್ ಒತ್ತಿ ತೆರೆಯುವ ರಾಕರ್‌ಗಳ ಶಾಫ್ಟ್ ಮೊದಲೇ ಬಿಚ್ಚಿದ್ದರಿಂದ ಅಷ್ಟೂ ವಾಲ್ವ್ ಮುಚ್ಚಿದ್ದವು. ಟೈಮಿಂಗ್ ಚೈನ್ ಮುಟ್ಟಲಿಲ್ಲ.

ಸ್ಪ್ರಿಂಗನ್ನು ವಾಲ್ವ್‌ಗೆ ಹಿಡಿದಿಡುವ ಲಾಕ್‌ಗಳು ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡವು. ಜಾರಿದರೆ ಆಯಿಲ್ ಇಳಿಯುವ ತೂತಿನಿಂದ ನೇರ ಎಂಜಿನ್ ತಳದ ಆಯಿಲ್ ಸಂಪ್‌ಗೆ. ತೂತುಗಳಿಗೆಲ್ಲ ಬಟ್ಟೆ ತುರುಕಿ, ಲಾಕ್‌ಗೆ ಗ್ರೀಸ್ ಹಚ್ಚಿ ಕೂರಿಸಿದೆ. ಹಳೇ ಸೀಲ್ ರಬ್ಬರ್ ಅಂತ ಅನ್ನಿಸುವಂತೆಯೇ ಇರಲಿಲ್ಲ. ಉಗುರಿನಿಂದ ಒತ್ತಿದರೆ ಬಳೆಯ ಹಾಗೆ ಮುರಿಯಿತು. ಎರಡು ದಿನ ಹಿಡಿಯಿತು. ಕೊನೆಗೆ ಟ್ಯಾಪೆಟ್ ಗ್ಯಾಪ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು) ಸರಿಮಾಡಿದೆ.

ಮೀಟರ್ 1,88,700

ಸಾವಿರದ ಐವತ್ತು ಕಿ.ಮೀ. ಆಯಿತು. 100 ಎಂಎಲ್ ಹಾಕಿದ ಕೂಡಲೇ ಆಯಿಲ್ ಮೇಲಿನ ಗೆರೆ ಮುಟ್ಟಿತು. ಬೆಳಗಿನ ಹೊಗೆ ಇಲ್ಲ. ನಿನ್ನೆ ಗುಂಡ್ಯದಲ್ಲಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಕ್ಸಿಲರೇಟರ್ ಒತ್ತಿದೆ. ಅವರು ಕನ್ನಡಿಯಲ್ಲಿ ಹಿಂದೆ ನೋಡಿ, "ಏನೂ ಬರ್ಲಿಲ್ಲ ಕಣೋ" ಅಂದರು.

ಈ ವಾರ ರೇಡಿಯೇಟರ್‌ನ ಮೇಲಿನ ಹೋಸ್ ಬದಲಾಯಿಸಬೇಕು. ಕ್ಲಿಪ್ ಹತ್ತಿರ ಊದಿಕೊಂಡಿದೆ.