ಹನ್ನೆರಡು ತೂತು, ಪಿನ್ ಇದ್ದದ್ದು ಬಿಟ್ಟು

ಪುಣೆ ಹತ್ತಿರದ ಭೋಸರಿಯ ನಮ್ಮ ಶೆಡ್ಡಿನ ಬಾಗಿಲ ಪಕ್ಕದ ಮೊಳೆಗೆ ಬೀಡಿನ ಗೇರ್ ಒಂದು ನೇತಾಡುತ್ತಿರುತ್ತದೆ. 24 ಹಲ್ಲು. 23 ಹಲ್ಲು ಒಂದೇ ತರ ಇವೆ. ಇಪ್ಪತ್ನಾಲ್ಕನೆಯದು ಮಾತ್ರ ಪಕ್ಕದವುಗಳ ಎರಡೂವರೆ ಪಟ್ಟು ದಪ್ಪ, ಬಾತುಕೊಂಡ ದವಡೆ ಹಲ್ಲಿನ ಹಾಗೆ. ಮಾಡಿದವಳು ನಾನೇ. 31 ವರ್ಷ ಕಾರ್ಖಾನೆಯ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಕೂತು ಊರವರ ಜಾಬಿಗೆಲ್ಲ "ರಿಜೆಕ್ಟ್" ಅಂತ ಕೆಂಪು ಬಣ್ಣ ಬಳಿದವಳು.

ಇಲ್ಲಿನ ಎಂ.ಐ.ಡಿ.ಸಿ.ಗೆ, ಅಂದರೆ ಕಾರ್ಖಾನೆಗಳ ಬಡಾವಣೆಗೆ, ವಾರದ ರಜೆ ಗುರುವಾರ. ವಿಜಯಪುರದ ಕಡೆಯ ಕಾಕಾ ಒಬ್ಬರು ಆರು ದಿನ ಜಾಬ್‌ವರ್ಕ್ ಮಾಡಿ, ಏಳನೇ ದಿನ ಶೆಡ್ಡಿನ ಬೀಗ ನಮಗಾಗಿ ತೆಗೆಯುತ್ತಾರೆ. ಹವ್ಯಾಸಕ್ಕೆ ಸಣ್ಣಪುಟ್ಟ ಯಂತ್ರ ಮಾಡಲು ಏಳೆಂಟು ಜನ ಸೇರುತ್ತೇವೆ, ಹೆಚ್ಚಿನವರು ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯವರು. ಗುಂಪಿಗೆ ಹೆಸರಿಲ್ಲ, ವರ್ಗಣಿ ಇಲ್ಲ. ರೊಟ್ಟಿ, ಶೇಂಗಾ ಚಟ್ನಿ ಸರದಿ ಪ್ರಕಾರ ಬರುತ್ತದೆ. ಗುರುವಾರ ರಿಪೇರಿಗೆಂದು ಕರೆಂಟು ತೆಗೆಯುವುದೂ ಉಂಟು. ಆಗ ರೊಟ್ಟಿ ಬೇಗ ಖಾಲಿ.

ಈಗ ಎಲ್ಲರ ಬಾಯಲ್ಲೂ ನಮ್ಮಲ್ಲಿನ ನಿಪ್ಪಾಣಿಯವರೊಬ್ಬರ ಸ್ಟರ್ಲಿಂಗ್ ಎಂಜಿನ್. ಅವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು, ಲೇಥ್ (ಲೋಹ ಕಡೆಯುವ ಯಂತ್ರ) ಮುಟ್ಟಿದ್ದೇ ನಿವೃತ್ತಿಯಾದ ಮೇಲೆ. 1816ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ ಪೇಟೆಂಟ್ ಪಡೆದ ಎಂಜಿನ್ ಇದು. ಉಗಿ ಇಲ್ಲ, ಸ್ಫೋಟ ಇಲ್ಲ. ಒಳಗೆ ಮುಚ್ಚಿಟ್ಟ ಗಾಳಿ ಒಂದು ತುದಿಯಲ್ಲಿ ಕಾದು ಹಿಗ್ಗುತ್ತದೆ, ಇನ್ನೊಂದು ತುದಿಯಲ್ಲಿ ತಣಿದು ಕುಗ್ಗುತ್ತದೆ, ಅಷ್ಟರಲ್ಲೇ ಚಕ್ರ ತಿರುಗಬೇಕು. ಶಕ್ತಿ ಇಷ್ಟೇ ಇಷ್ಟು, ಹಾಗಾಗಿ ಎಲ್ಲಿ ಚೂರು ಬಿಗಿಯಾದರೂ ನಿಂತೇ ಹೋಗುತ್ತದೆ.

ಪಿಸ್ಟನ್ನಿಗೆ ಅವರು ಹಳೇ ಕಾಲದ ಗಾಜಿನ ಸಿರಿಂಜ್ ತಂದರು, ಪುಣೆಯ ಹಳೇ ಸಾಮಾನಿನ ಸಂತೆ ಜುನಾ ಬಾಜಾರಿನಿಂದ. ಆರಿಸಿದ್ದು ಹೇಗೆಂದರೆ: ಮೂತಿಗೆ ಬೆರಳು ಒತ್ತಿ ನೆಟ್ಟಗೆ ಹಿಡಿದರೆ ಒಳಗಿನ ಗಾಜಿನ ದಂಟು ಬೀಳಬಾರದು. ಬೆರಳು ತೆಗೆದ ಕೂಡಲೇ ತನ್ನ ಭಾರಕ್ಕೇ ಸರ್‍ರನೆ ಇಳಿಯಬೇಕು. ಅಂಥ ಫಿಟ್ಟಿಂಗ್ ನಮ್ಮ ಲೇಥಿನಲ್ಲಿ ತೆಗೆಯಲು ನಮ್ಮಪ್ಪನಾಣೆಗೂ ಆಗದು. ಆದರೂ ಎರಡು ತಿಂಗಳು ಎಂಜಿನ್ ಓಡಲಿಲ್ಲ. ಸ್ಪಿರಿಟ್ ದೀಪ ಹಚ್ಚಿ, ಕೈಯಲ್ಲಿ ಚಕ್ರ ತಿರುವಿ ಬಿಟ್ಟರೆ ಮೂರು ಸುತ್ತು, ಆಮೇಲೆ ಸುಮ್ಮನೆ. ಕೊನೆಗೆ ಕಾಕಾ ಬಂದು ಬೇರಿಂಗ್ ಮೇಲೆ ಬೆರಳಿಟ್ಟರು. ಹೊಸ ಬೇರಿಂಗಿನ ಒಳಗಿನ ಗ್ರೀಸೇ ಅದಕ್ಕೆ ಭಾರವಾಗಿತ್ತು! ದೀಪ ಆರಿಸಿ, ಹೊರಗೆ ಅಂಗಳದಲ್ಲಿ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ ಮತ್ತೆ ಕೂಡಿಸಿದರು. ಚಹಾ ಬರುವ ಹೊತ್ತಿಗೆ ಅದು ಟಕಟಕ ಅಂತ ತಿರುಗುತ್ತಿತ್ತು. ನಿಪ್ಪಾಣಿಯವರು ಚಹಾ ಕುಡಿಯಲೇ ಇಲ್ಲ, ಕಪ್ಪಿನಲ್ಲಿ ಕೆನೆ ಕಟ್ಟಿತು.

ಇನ್ನೊಬ್ಬರು ಪುಣೆಯ ಕಸಬಾ ಪೇಠೆಯ ತಾಂಬಟ್ ಆಳಿಯಿಂದ, ಅಂದರೆ ತಾಮ್ರಗಾರರ ಓಣಿಯಿಂದ, ತಾಮ್ರ ತಂದು ಪುಟ್ಟ ಬಾಯ್ಲರ್ ಮಾಡುತ್ತಿದ್ದಾರೆ. ಆ ಓಣಿಯ ಸುತ್ತಿಗೆ ಸದ್ದು ಪೇಶ್ವೆಯರ ಕಾಲದ್ದು, ಹಂಡೆ ಕೊಳ್ಳದಿದ್ದರೂ ಒಮ್ಮೆ ಹೋಗಿ ಕೇಳಿ ಬನ್ನಿ. ಮೊದಲು ಅವರು ಸೀಸ-ತವರದ ಬೆಸುಗೆ ಹಾಕಹೊರಟಿದ್ದರು. ನಾನು ಬಿಡಲಿಲ್ಲ. ಅದು 183 ಡಿಗ್ರಿ ಸುಮಾರಿಗೇ ಕರಗಲು ಶುರುವಾಗುತ್ತದೆ, ನೀರು ತೀರಿದ ಬಾಯ್ಲರಿಗೆ ಅಷ್ಟು ಕಾಯಲು ಎಷ್ಟು ಹೊತ್ತು? ಈಗ ಬೆಳ್ಳಿ ಬೆಸುಗೆ ಆಗಿದೆ. ನಡೆಸುವುದು 3 ಬಾರ್ ಒತ್ತಡದಲ್ಲಿ, ಪರೀಕ್ಷೆ 6ಕ್ಕೆ, ಅದೂ ತಣ್ಣೀರು ತುಂಬಿಸಿ. ನೀರಾದರೆ ಜಾಯಿಂಟ್ ಬಿಟ್ಟರೂ ಜಿನುಗಿ ಸುಮ್ಮನಾಗುತ್ತದೆ, ಗಾಳಿಯಾದರೆ ಸಿಡಿಯುತ್ತದೆ. ಮೊದಲ ಸಲ ಒಂದು ಮೂಲೆ ಅತ್ತಿತು. ಅವರೂ ಹೆಚ್ಚುಕಡಿಮೆ ಅತ್ತರು.

ಕಂಪ್ಯೂಟರ್ ಹುಡುಗನೊಬ್ಬ ಸಣ್ಣ ಲೇಥಿಗೆ ಸ್ಟೆಪ್ಪರ್ ಮೋಟರ್ ಕಟ್ಟಿ, ಕಂಪ್ಯೂಟರ್ ಹೇಳಿದ ಹಾಗೆ ತಾನೇ ಓಡುವ ಸಿ.ಎನ್.ಸಿ. ಮಾಡಿದ್ದಾನೆ. ಚೆಂದ ಓಡುತ್ತದೆ. ನನಗೇನೋ ಹ್ಯಾಂಡಲ್ ತಿರುವದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ.

ಇನ್ನು ನನ್ನ ಗೇರಿನ ಕಥೆ. ನಮ್ಮ ದೊಡ್ಡ ಲೇಥ್ ಹರಿಹರದ್ದು, ಮೈಸೂರು ಕಿರ್ಲೋಸ್ಕರ್. ಗುಜರಿಗೆ ಬಂದಾಗ ಅದರ ಚೇಂಜ್ ಗೇರುಗಳು ಅರ್ಧಕ್ಕರ್ಧ ಇರಲಿಲ್ಲ, ಆಟೆ (ಸ್ಕ್ರೂವಿನ ಸುರುಳಿ) ಕೊರೆಯಲು ಅವು ಬೇಕೇ ಬೇಕು. ಒಬ್ಬೊಬ್ಬರು ಒಂದೊಂದು ಮಾಡೋಣ ಅಂತಾಯಿತು. ನನಗೆ ಬಂದದ್ದು 24 ಹಲ್ಲು, ಹಲ್ಲಿನ ಗಾತ್ರ 2 ಮಾಡ್ಯೂಲ್. ಹೊರವ್ಯಾಸ 52 ಮಿ.ಮೀ., ಹಲ್ಲಿನ ಆಳ 4.5. ಹಲ್ಲುಗಳನ್ನು ಸಮನಾಗಿ ಹಂಚಲು ಜಾಬನ್ನು ತಿರುಗಿಸುವ ಸಾಧನ ಡಿವೈಡಿಂಗ್ ಹೆಡ್; ಅದರ ಹಿಡಿಕೆ 40 ಸುತ್ತು ತಿರುಗಿದರೆ ಜಾಬ್ ಒಂದು ಸುತ್ತು. ಅಂದರೆ ಹಲ್ಲಿಗೆ ಒಂದು ಪೂರ್ತಿ ಸುತ್ತು, ಮೇಲೆ ಅದರ ತಟ್ಟೆಯ 18 ತೂತಿನ ಸಾಲಿನಲ್ಲಿ 12 ತೂತು. ನಾನು ಹಿಡಿಕೆಯ ಪಿನ್ ಕೂತಿದ್ದ ತೂತನ್ನೇ ಒಂದು ಅಂತ ಎಣಿಸಿದೆ. ಪ್ರತಿ ಹಲ್ಲಿಗೂ ಒಂದು ತೂತು ಕಮ್ಮಿ. 23 ಸಲದ ಆ ಸಾಲವೆಲ್ಲ ಕೊನೆಯ ಹಲ್ಲಿನ ತಲೆಗೆ ಬಂತು.

ಕಾಕಾ ಗೇರನ್ನು ಬೆಳಕಿಗೆ ಹಿಡಿದು ನೋಡಿದರು. "ಯಾಕವ್ವಾ, ಹನ್ನೆರಡು ಎಣಿಸೂದು ಧಾರವಾಡದಾಗ ಕಲಸೂದಿಲ್ಲೇನು?" ಎಂದು ತಾವೇ ಮೊಳೆ ಹೊಡೆದು ತೂಗುಹಾಕಿದರು.

ಎರಡನೆಯದು ಕಳೆದ ವಾರ ಮುಗಿಯಿತು. ಹಲ್ಲುಗಳೆಲ್ಲ ಸಮ. ಮ್ಯಾಂಡ್ರೆಲ್ ದಂಡಕ್ಕೆ ಏರಿಸಿ, ತಿರುಗಿಸುತ್ತ ಅಳತೆಯ ಡಯಲ್ ಇಟ್ಟರೆ ಮುಳ್ಳು 0.06 ಮಿ.ಮೀ. ಆಡಿತು. ನನ್ನ ಟೇಬಲ್ಲಿಗೆ ಬಂದಿದ್ದರೆ ವಾಪಸ್ ಹೋಗುತ್ತಿತ್ತು. ಲೇಥಿಗೆ ಹಾಕಿದೆವು, ಕೊಂಚ ಗುರ್ ಅನ್ನುತ್ತದೆ, ಆಟೆ ಸರಿಯಾಗಿ ಬಂತು. ಚೀಟಿಯ ಮೇಲೆ "ಅಂಡರ್ ಡೀವಿಯೇಷನ್ ಪಾಸ್", ಅಂದರೆ ಅಳತೆ ತಪ್ಪಿದ್ದರೂ ನಡೆಯುತ್ತದೆ, ಅಂತ ಬರೆದು ಸಹಿ ಮಾಡಿದೆ. ತಿಂಗಳ ಕೊನೆಗೆ ಪ್ರೊಡಕ್ಷನ್ನಿನವರು ಕೈಕೈ ಮುಗಿದರೂ ಬರೆಯದೆ ಇದ್ದ ಮಾತು.

ಮುಂದಿನ ಗುರುವಾರ 32 ಹಲ್ಲಿನದು. ಒಂದೂಕಾಲು ಸುತ್ತು. 20ರ ಸಾಲಿನಲ್ಲಿ ಐದು ತೂತು, ಪಿನ್ ಇದ್ದದ್ದು ಬಿಟ್ಟು.