ದಿನಕ್ಕೆ ಎಷ್ಟು ಜನ ಎಂಬುದು ಅರ್ಧ ಪ್ರಶ್ನೆ ಮಾತ್ರ

ರಾಷ್ಟ್ರೀಯ ಉದ್ಯಾನವೊಂದರ ಹೆಸರುವಾಸಿ ಚಾರಣ ಹಾದಿಗೆ ಆನ್‌ಲೈನ್ ಪರವಾನಗಿ ನೀಡುವ ತಂತ್ರಾಂಶವನ್ನು ರೂಪಿಸಿದ ತಂಡದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಸೇರಿದ ಹೊಸತರಲ್ಲಿ ನನ್ನ ತಿಳಿವಳಿಕೆ ಬಹಳ ಸರಳವಾಗಿತ್ತು. ಉದ್ಯಾನದವರು ದಿನಕ್ಕೆ ಇಷ್ಟು ಜನ ಎಂದು ಒಂದು ಸಂಖ್ಯೆ ಕೊಡುತ್ತಾರೆ, ಅದು ಮುಗಿಯುವವರೆಗೆ ನಾವು ಪರವಾನಗಿ ಹಂಚುತ್ತೇವೆ, ಮುಗಿದ ಮೇಲೆ ಬಾಗಿಲು ಹಾಕುತ್ತೇವೆ. ಸಿನಿಮಾ ಟಿಕೆಟ್ ಮಾರುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂದೇ ಭಾವಿಸಿದ್ದೆ.

ಮೊದಲ ಋತುವಿನಲ್ಲಿ ಒಂದು ಇಡೀ ತಿಂಗಳ ಪರವಾನಗಿಗಳನ್ನು ಒಂದೇ ಬೆಳಿಗ್ಗೆ, ಒಂದೇ ಗಳಿಗೆಯಲ್ಲಿ, ಮೊದಲು ಬಂದವರಿಗೆ ಮೊದಲು ಎಂಬ ನಿಯಮದಡಿ ಬಿಡುಗಡೆ ಮಾಡಿದೆವು. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಖಾಲಿಯಾಯಿತು. ಸರ್ವರ್ ಕುಸಿಯಲಿಲ್ಲ ಎಂಬ ಸಂತೋಷದಲ್ಲಿ ನಾವು ಪರಸ್ಪರ ಬೆನ್ನು ತಟ್ಟಿಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಅವೇ ಪರವಾನಗಿಗಳು ಮರುಮಾರಾಟದ ಜಾಲತಾಣಗಳಲ್ಲಿ ಹಲವು ಪಟ್ಟು ಬೆಲೆಗೆ ಕಾಣಿಸಿಕೊಂಡವು. ನಮ್ಮ ನಿಯಮ ಮೇಲ್ನೋಟಕ್ಕೆ ಎಲ್ಲರಿಗೂ ಸಮಾನವಾಗಿತ್ತು. ವಾಸ್ತವದಲ್ಲಿ ಅದು ವೇಗದ ಅಂತರ್ಜಾಲ ಸಂಪರ್ಕವಿದ್ದವರಿಗೆ, ಆ ಹೊತ್ತಿನಲ್ಲಿ ಕೆಲಸದಿಂದ ಬಿಡುವಿದ್ದವರಿಗೆ ಮತ್ತು ಮನುಷ್ಯರಿಗಿಂತ ಚುರುಕಾಗಿ ಅರ್ಜಿ ತುಂಬುವ ಬಾಟ್‌ಗಳಿಗೆ ಅನುಕೂಲ ಮಾಡಿಕೊಟ್ಟಿತ್ತು.

ನಾಚಿಕೆಯ ಸಂಗತಿಯೆಂದರೆ, ಈ ಪಾಠವನ್ನು ಅಮೆರಿಕದ ಯೊಸೆಮಿಟಿ ಉದ್ಯಾನ ನಮಗಿಂತ ಮೊದಲೇ ಕಲಿತಿತ್ತು. ಅಲ್ಲಿನ ಹಾಫ್ ಡೋಮ್ ಬಂಡೆಯ ಕೊನೆಯ ಕಡಿದಾದ ಏರನ್ನು 1919ರಲ್ಲಿ ಅಳವಡಿಸಿದ ಉಕ್ಕಿನ ಹಗ್ಗಗಳನ್ನು ಹಿಡಿದು ಹತ್ತುತ್ತಾರೆ. ಜನಸಂದಣಿಯಿಂದ ಹತ್ತುವವರೂ ಇಳಿಯುವವರೂ ಆ ಹಗ್ಗಗಳ ನಡುವೆಯೇ ಸಿಕ್ಕಿಕೊಳ್ಳತೊಡಗಿದಾಗ, 2010ರಲ್ಲಿ ವಾರಾಂತ್ಯ ಮತ್ತು ರಜಾದಿನಗಳಿಗೆ, 2011ರಿಂದ ವಾರದ ಎಲ್ಲ ದಿನಗಳಿಗೂ ಪರವಾನಗಿ ಕಡ್ಡಾಯವಾಯಿತು. ಅಲ್ಲೂ ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿಯೇ ಇತ್ತು, ಅಲ್ಲೂ ಕಾಳಸಂತೆ ಹುಟ್ಟಿಕೊಂಡಿತು, 2012ರಲ್ಲಿ ಲಾಟರಿ ಬಂತು. ಈಗ ಅಲ್ಲಿನ ಮಿತಿ ದಿನಕ್ಕೆ ಸುಮಾರು 300 ಜನ. ನಾವು ಆ ಸಂಖ್ಯೆಯನ್ನು ಗಮನಿಸಿದ್ದೆವು, ಅದರ ಹಿಂದಿನ ಇತಿಹಾಸವನ್ನು ಓದಿರಲಿಲ್ಲ.

ಎರಡನೆಯ ಋತುವಿಗೆ ನಾವೂ ಲಾಟರಿಗೆ ಬದಲಾದೆವು. ಪರವಾನಗಿಯಲ್ಲಿ ತಂಡದ ಮುಖ್ಯಸ್ಥರ ಹೆಸರು ಕಡ್ಡಾಯವಾಯಿತು, ಹಾದಿಯ ಆರಂಭದಲ್ಲಿ ಗುರುತಿನ ಚೀಟಿ ತೋರಿಸಬೇಕಾಯಿತು, ಒಬ್ಬರು ಎರಡು ಕಡೆ ಅರ್ಜಿ ಹಾಕಿದರೆ ಎರಡೂ ರದ್ದಾಗುವಂತಾಯಿತು. ಮರುಮಾರಾಟ ಬಹುತೇಕ ನಿಂತಿತು. ಸಮಸ್ಯೆ ಮುಗಿಯಿತೆಂದು ವರದಿ ಬರೆಯುತ್ತಿದ್ದಾಗ, ಹಾದಿಯ ಮೇಲೆ ಕೆಲಸ ಮಾಡುವ ಹಿರಿಯ ರೇಂಜರ್ ಒಬ್ಬರು ನನ್ನನ್ನು ತಮ್ಮೊಂದಿಗೆ ಮೇಲಕ್ಕೆ ಕರೆದೊಯ್ದರು. ತುದಿಗೆ ಸ್ವಲ್ಪ ಮೊದಲು ಒಬ್ಬರಷ್ಟೇ ದಾಟಬಹುದಾದ ಕಿರಿದಾದ ಬಂಡೆಯಂಚು ಇದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿ ಉದ್ದನೆಯ ಸಾಲು ನಿಂತಿತ್ತು. ಅಂದಿನ ಮಿತಿ ಮೀರಿರಲಿಲ್ಲ. ಆದರೆ ಪರವಾನಗಿ ಪಡೆದವರೆಲ್ಲರೂ ಬಿಸಿಲೇರುವ ಮೊದಲು ತುದಿ ಮುಟ್ಟಬೇಕೆಂದು ಒಂದೇ ಹೊತ್ತಿಗೆ ಹೊರಟಿದ್ದರು. “ನೀವು ಎಣಿಸುತ್ತಿರುವುದು ದಿನವನ್ನು. ಇಲ್ಲಿ ಎಣಿಸಬೇಕಾದದ್ದು ಈ ಬಂಡೆಯನ್ನು” ಎಂದರು ಅವರು.

ನನ್ನ ವೃತ್ತಿಯಲ್ಲಿ ನಾನು ಕೇಳಿದ ಅತ್ಯಂತ ಉಪಯುಕ್ತ ಮಾತು ಇದೇ ಇರಬೇಕು. ದಿನದ ಒಟ್ಟು ಸಂಖ್ಯೆ ಕಚೇರಿಯಲ್ಲಿ ಕುಳಿತವರಿಗೆ ಅನುಕೂಲವಾದ ಅಳತೆ; ಅಪಾಯ ಇರುವುದು ಹಾದಿ ಕಿರಿದಾಗುವ ಜಾಗದಲ್ಲಿ, ಒಂದು ನಿರ್ದಿಷ್ಟ ಗಂಟೆಯಲ್ಲಿ. ಅಮೆರಿಕದ ಜಯಾನ್ ರಾಷ್ಟ್ರೀಯ ಉದ್ಯಾನದ ಏಂಜಲ್ಸ್ ಲ್ಯಾಂಡಿಂಗ್ ಹಾದಿಗೆ 2022ರ ಏಪ್ರಿಲ್ 1ರಿಂದ ಪರವಾನಗಿ ಜಾರಿಗೆ ಬಂದಾಗ ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಒಂಬತ್ತರಿಂದ ಮಧ್ಯಾಹ್ನದವರೆಗೆ, ಮಧ್ಯಾಹ್ನದ ನಂತರ ಎಂದು ಹೊರಡುವ ವೇಳೆಯನ್ನೇ ವಿಂಗಡಿಸಿದ್ದರ ಅರ್ಥ ನನಗೆ ಆಗ ಹೊಳೆಯಿತು. ನಾವೂ ಸ್ಲಾಟ್‌ಗಳನ್ನು ಮಾಡಿದೆವು. ಒಟ್ಟು ಸಂಖ್ಯೆಯಲ್ಲಿ ಒಂದನ್ನೂ ಕಡಿಮೆ ಮಾಡದೆ ಬಂಡೆಯ ಬಳಿಯ ಸಾಲು ಕರಗಿತು.

ಬಾರದವರ ವಿಷಯ ಬೇರೆಯದೇ ತಲೆನೋವು. ಶುಲ್ಕ ಚಿಕ್ಕದಾದ್ದರಿಂದ ಹಲವರು ಪರವಾನಗಿ ಪಡೆದು ಮಳೆಯ ಮುನ್ಸೂಚನೆ ಕಂಡೊಡನೆ ಮನೆಯಲ್ಲೇ ಉಳಿಯುತ್ತಿದ್ದರು. ಇತ್ತ ಬೇರೆಯವರಿಗೆ ಅವಕಾಶವಿಲ್ಲ ಎನ್ನುತ್ತಿದ್ದ ನಮ್ಮ ಪರದೆಯ ಹಿಂದೆ ಹಾದಿ ಅರ್ಧ ಖಾಲಿಯಾಗಿರುತ್ತಿತ್ತು. ಶುಲ್ಕ ಏರಿಸೋಣ ಎಂಬ ಸಲಹೆ ಬಂತು. ನಾನು ವಿರೋಧಿಸಿದೆ, ಏಕೆಂದರೆ ಸಾರ್ವಜನಿಕ ಉದ್ಯಾನದಲ್ಲಿ ಹಣವನ್ನು ಜರಡಿಯಾಗಿ ಬಳಸುವುದು ಕಾಳಸಂತೆಯನ್ನು ನಾವೇ ನಡೆಸಿದಂತೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಅದರ ಬದಲು ರದ್ದು ಮಾಡುವ ಗುಂಡಿಯನ್ನು ಮುಖಪುಟಕ್ಕೆ ತಂದೆವು, ಎರಡು ದಿನ ಮೊದಲು ನೆನಪಿನ ಸಂದೇಶ ಕಳುಹಿಸಿದೆವು, ಹಿಂತಿರುಗಿದ ಪರವಾನಗಿಗಳನ್ನು ಹಿಂದಿನ ಸಂಜೆಯ ಚಿಕ್ಕ ಲಾಟರಿಗೆ ಹಾಕಿದೆವು. ತಿಂಗಳುಗಳ ಮುಂಚೆ ಯೋಜನೆ ಹಾಕಿಕೊಳ್ಳಲಾಗದವರಿಗೆ ಆ ಸಂಜೆಯ ಲಾಟರಿಯೇ ಆಸರೆಯಾಯಿತು.

ಮಿತಿಯ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ಅರ್ಜಿದಾರರು ಪದೇ ಪದೇ ಕೇಳುತ್ತಿದ್ದರು, ಮತ್ತು ಅದಕ್ಕೆ ಪ್ರಕೃತಿಯೇ ಕೊಟ್ಟ ಉತ್ತರವೊಂದಿದೆ ಎಂದು ಹೇಳಲು ಆಸೆಯಾಗುತ್ತಿತ್ತು. ಹಾಗೇನೂ ಇಲ್ಲ. ಗಿಡಗಳ ಮೇಲಿನ ಹಾನಿಯ ಬಹುಪಾಲು ಮೊದಲ ಕೆಲವು ನೂರು ಹೆಜ್ಜೆಗಳಲ್ಲೇ ಆಗಿಬಿಡುತ್ತದೆ. ಆಮೇಲೆ ಜನ ಹೆಚ್ಚಿದ ಪ್ರಮಾಣದಲ್ಲೇ ಹಾನಿ ಹೆಚ್ಚುವುದಿಲ್ಲ. ಹಾಗಾಗಿ ಮಿತಿ ಎಂಬುದು ನಾವು ಎಷ್ಟು ಸವೆತವನ್ನು, ಎಷ್ಟು ಗದ್ದಲವನ್ನು ಒಪ್ಪಿಕೊಳ್ಳುತ್ತೇವೆ ಎಂಬ ತೀರ್ಮಾನ. ಅಮೆರಿಕದ ಅರಿಜೋನ ಮತ್ತು ಯೂಟಾ ರಾಜ್ಯಗಳ ಗಡಿಯ ವೇವ್ ಎಂಬ ಬಂಡೆಯ ಹಾದಿಯಲ್ಲಿ ವರ್ಷಗಟ್ಟಲೆ ದಿನಕ್ಕೆ 20 ಇದ್ದ ಮಿತಿ 2021ರಲ್ಲಿ 64 ಆಯಿತು. ನ್ಯೂಜಿಲೆಂಡಿನ ಮಿಲ್‌ಫರ್ಡ್ ಟ್ರ್ಯಾಕ್‌ನಲ್ಲಿ ಋತುವಿನ ಕಾಲದಲ್ಲಿ ಸ್ವತಂತ್ರವಾಗಿ ನಡೆಯುವವರು ದಿನಕ್ಕೆ 40 ಜನ, ಎಲ್ಲರೂ ಒಂದೇ ದಿಕ್ಕಿಗೆ ನಡೆಯಬೇಕು, ಏಕೆಂದರೆ ಅಲ್ಲಿನ ಮಿತಿಗೆ ಆಧಾರ ತಂಗುವ ಗುಡಿಸಲುಗಳಲ್ಲಿರುವ ಹಾಸಿಗೆಗಳ ಲೆಕ್ಕ. ಒಂದು ಹಾದಿಯ ಸಂಖ್ಯೆಯನ್ನು ಇನ್ನೊಂದಕ್ಕೆ ಎರವಲು ತರುವುದು ಇದರಿಂದಲೇ ವ್ಯರ್ಥ.

ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಇನ್ನೊಂದು ಸಂಗತಿ ಮೂರನೆಯ ಋತುವಿನಲ್ಲಿ ಕಾಣಿಸಿತು. ಲಾಟರಿಯಲ್ಲಿ ಸೋತವರು ಮನೆಗೆ ಹೋಗುತ್ತಿರಲಿಲ್ಲ, ಪರವಾನಗಿ ಬೇಕಿಲ್ಲದ ಪಕ್ಕದ ಹಾದಿಗೆ ಹೋಗುತ್ತಿದ್ದರು. ಅಲ್ಲಿ ಕೆಸರು ತಪ್ಪಿಸಲು ಜನ ಅಂಚಿನ ಹುಲ್ಲಿನ ಮೇಲೆ ನಡೆದು ನಡೆದು, ಒಬ್ಬರ ಅಗಲದ ಕಾಲುದಾರಿ ಬಂಡಿದಾರಿಯಷ್ಟು ಹರಡಿತ್ತು. ಆ ಹಾದಿಗೂ ಪರವಾನಗಿ ವಿಧಿಸಬೇಕೇ, ಅಥವಾ ಕಲ್ಲು ಹಾಸಿ ಗಟ್ಟಿಮಾಡಿ ಬರುವವರನ್ನು ಬರಲು ಬಿಡಬೇಕೇ ಎಂಬ ಚರ್ಚೆಯ ಕಡತ ನಾನು ಆ ಕೆಲಸ ಬಿಟ್ಟ ದಿನವೂ ತೀರ್ಮಾನವಾಗದೆ ಮೇಜಿನ ಮೇಲೇ ಇತ್ತು.