ಕೋವಿಯ ಬಿಡಿಭಾಗಗಳಿಗೆ ಅಲ್ಟ್ರಾಸಾನಿಕ್ ತೊಟ್ಟಿ: ತೊಳೆದ ಮೇಲಿನ ಕೆಲಸವೇ ದೊಡ್ಡದು

ಕಾಸರಗೋಡಿನ ಬದಿಯಡ್ಕ, ಎಣ್ಮಕಜೆ, ಮುಳ್ಳೇರಿಯ ಕಡೆ ಹಂದಿ ಉಪದ್ರಕ್ಕೆಂದು ಪರವಾನಗಿ ಪಡೆದ ಕೋವಿಗಳು ಹೆಚ್ಚಾಗಿ 12 ಬೋರಿನವು. ಹೊಡೆದು ಹೊಡೆದು ಸವೆದ ಕೋವಿಗಿಂತ ಮಳೆಗಾಲವಿಡೀ ಮೂಲೆಯಲ್ಲಿ ನಿಂತು ಹಾಳಾದ ಕೋವಿಯೇ ಜಾಸ್ತಿ. ಮಸಿ, ಹಳೆಯ ತೆಂಗಿನೆಣ್ಣೆ, ಧೂಳು ಮೂರೂ ಸೇರಿ ಫೈರಿಂಗ್ ಪಿನ್ನಿನ (ತೋಟೆಯ ತಳಕ್ಕೆ ಬಡಿದು ಈಡು ಹೊತ್ತಿಸುವ ಮೊಳೆಯ) ತೂತಿನಲ್ಲಿ ಅಂಟಾಗಿ ಕೂತಿರುತ್ತವೆ. ಚುನಾವಣೆಗೆಂದು ತಿಂಗಳುಗಟ್ಟಲೆ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟ ಕೋವಿಯ ಸ್ಥಿತಿಯೂ ಇದೇ. ಬ್ರಷ್ ಹೋಗದ ಇಂಥ ಸಂದುಗಳಿಗೇ ಅಲ್ಟ್ರಾಸಾನಿಕ್ ತೊಟ್ಟಿ ಬೇಕಾಗುವುದು.

ತೊಟ್ಟಿಯ ತಳಕ್ಕೆ ಅಂಟಿಸಿದ ಟ್ರಾನ್ಸ್‌ಡ್ಯೂಸರ್ ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುತ್ತದೆ. ಆಗ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆಯುವ ಹೊಡೆತಕ್ಕೆ ಕೊಳೆ ಲೋಹದಿಂದ ಬಿಡುತ್ತದೆ. ಮಸಿಗೂ ಅಂಟಿದ ಎಣ್ಣೆಗೂ ಇದು ಚೆನ್ನಾಗಿ ನಡೆಯುತ್ತದೆ. ನಳಿಗೆಯೊಳಗೆ ಬಳಿದುಕೊಂಡ ಸೀಸವನ್ನು ಮಾತ್ರ ನಂಬುವಂತೆ ಬಿಡಿಸುವುದಿಲ್ಲ, ಅದಕ್ಕೆ ಹಿತ್ತಾಳೆ ಬಣ್ಣದ ಕಂಚಿನ ಬ್ರಷ್ಷೇ ಗತಿ.

ಮೊದಲು ಕೋವಿ ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಈಡು ತುಂಬಿದ ತೋಟೆಯನ್ನು ತೊಟ್ಟಿಗೆ ಹಾಕುವ ಯೋಚನೆಯೂ ಬೇಡ.

ಜೋಡು ನಳಿಗೆಯನ್ನು ಮುಳುಗಿಸಲೇಬೇಡಿ, ಉದ್ದದ ತೊಟ್ಟಿ ಸಿಕ್ಕಿದರೂ ಸರಿ. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಬೆಸುಗೆಯಿಂದ ಕೂರಿಸಿರುತ್ತಾರೆ, ಅದರಡಿ ಪೊಳ್ಳು ಇರುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳಗೆ ಸೇರುತ್ತದೆ, ಹೊರಗೆ ಬರುವುದಿಲ್ಲ. ಹೊರಗೆ ಹೊಳೆಯುತ್ತಿರುವಾಗಲೇ ಒಳಗಿಂದ ತುಕ್ಕು ತಿನ್ನುತ್ತದೆ. ಮರದ ಹಿಡಿ, ದೂರದರ್ಶಕ, ಬಣ್ಣದ ಚುಕ್ಕೆಯ ಗುರಿಮಣಿ ಇವಕ್ಕೂ ತೊಟ್ಟಿ ಆಗದು. ಹಾಕಬಹುದಾದದ್ದು ಖಾಲಿ ತೋಟೆಯನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರ್, ಫೈರಿಂಗ್ ಪಿನ್, ಅದರ ಸ್ಪ್ರಿಂಗ್, ಉಕ್ಕಿನ ಸ್ಕ್ರೂಗಳು. ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟೆ ತುಂಬುವ ಪಂಪ್ ಆಕ್ಷನ್ ಕೋವಿಯಲ್ಲಿ, ತೋಟೆಯ ಹಿಂದೆ ಮುಚ್ಚಿ ಕೂರುವ ಬೋಲ್ಟನ್ನೂ ಹಾಕಬಹುದು. ಹಳೆಯ ಜೋಡು ನಳಿಗೆ ಕೋವಿಯ ಕುದುರೆಯನ್ನೂ (ಹ್ಯಾಮರ್) ಅದರ ಮುಖ್ಯ ಸ್ಪ್ರಿಂಗನ್ನೂ ಮನೆಯಲ್ಲಿ ಬಿಚ್ಚಬೇಡಿ. ಆ ಸ್ಪ್ರಿಂಗ್ ಬಿಗುವಿನಲ್ಲಿರುತ್ತದೆ, ಬಿಚ್ಚುವ ಕೆಲಸ ಪರವಾನಗಿಯುಳ್ಳ ದುರಸ್ತಿಗಾರನದು.

ಬಿಚ್ಚಿದ ಭಾಗಗಳ ಜಿಡ್ಡನ್ನು ಹಳೆ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಆ ಜಿಡ್ಡು ನೀರಿನ ಮೇಲೆ ತೇಲುತ್ತಿದ್ದು, ಭಾಗ ಎತ್ತುವಾಗ ಮತ್ತೆ ಅದಕ್ಕೇ ಮೆತ್ತಿಕೊಳ್ಳುತ್ತದೆ. ಕರಾವಳಿಯ ಉಪ್ಪು ಬೆರೆತ ಬಾವಿ ನೀರು ಬೇಡ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಲೀಟರಿಗೆ 5ರಿಂದ 10 ಮಿಲಿ ಪಾತ್ರೆ ತೊಳೆಯುವ ದ್ರವ ಸಾಕು, ಹೆಚ್ಚು ಹಾಕಿದರೆ ನೊರೆಯೇ ಆಗುತ್ತದೆ. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಹಾಕಿ ಓಡಿಸಿದರೆ ಆವಿಗೆ ಬೆಂಕಿ ಹತ್ತುತ್ತದೆ, ಇದರಲ್ಲಿ ರಿಯಾಯಿತಿ ಇಲ್ಲ. ಹುಳಿ ದ್ರವಗಳು, ಅಂದರೆ ವಿನೆಗರ್, ನಿಂಬೆ ಉಪ್ಪು, ಉಕ್ಕಿನ ಕಪ್ಪುನೀಲಿ ಬ್ಲೂಯಿಂಗನ್ನು ಎಬ್ಬಿಸಿಬಿಡುತ್ತವೆ. ವಾಷಿಂಗ್ ಸೋಡಾ ಉಕ್ಕಿಗೆ ತೊಂದರೆ ಮಾಡದು, ಆದರೆ ಅಲ್ಯೂಮಿನಿಯಂ ಕಪ್ಪಾಗಿ ಕೊರೆದುಹೋಗುತ್ತದೆ. ಕೆಲವು ಪಂಪ್ ಆಕ್ಷನ್ನುಗಳ ಟ್ರಿಗರ್ ಗೂಡು ಅಲ್ಯೂಮಿನಿಯಮ್ಮಿನದು ಎಂಬುದು ನೆನಪಿರಲಿ.

ಗುರುತಿನವರೆಗೆ ನೀರು ತುಂಬಿಸಿಯೇ ಸ್ವಿಚ್ ಹಾಕಿ; ಖಾಲಿ ಓಡಿಸಿದರೆ ಟ್ರಾನ್ಸ್‌ಡ್ಯೂಸರ್ ಸುಟ್ಟುಹೋಗುತ್ತದೆ. ಬಿಸಿ 50ರಿಂದ 55 ಡಿಗ್ರಿ ಸಾಕು, ತುಂಬ ಕಾದರೆ ಗುಳ್ಳೆಗಳ ಪೆಟ್ಟು ಮೆತ್ತಗಾಗುತ್ತದೆ. ಭಾಗ ಹಾಕುವ ಮೊದಲು 5ರಿಂದ 10 ನಿಮಿಷ ಬರಿ ನೀರನ್ನೇ ಓಡಿಸಿ, ಕರಗಿದ ಗಾಳಿ ಹೊರಡಲಿ. ಯಂತ್ರ ಸರಿಯಿದೆಯೇ ಎಂಬ ಸಂಶಯವಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನ ತುಂಡನ್ನು ಒಂದು ನಿಮಿಷ ನೇತುಹಾಕಿ: ಎಲ್ಲೆಡೆ ಸಣ್ಣ ತೂತು ಬಿದ್ದಿದ್ದರೆ ಸರಿ, ಒಂದೇ ಬದಿಗೆ ಬಿದ್ದಿದ್ದರೆ ಟ್ರಾನ್ಸ್‌ಡ್ಯೂಸರುಗಳಲ್ಲಿ ಒಂದು ಸತ್ತಿರಬಹುದು. ಭಾಗಗಳು ಬುಟ್ಟಿಯಲ್ಲೇ ಇರಬೇಕು. ತಳಕ್ಕೆ ತಾಗಿದರೆ ತೊಟ್ಟಿಯೂ ಭಾಗವೂ ಉಜ್ಜಿಕೊಳ್ಳುತ್ತವೆ, ಒಂದರ ಮೇಲೊಂದು ಬಿದ್ದರೆ ಅಡಿಯದು ಕೊಳಕಾಗೇ ಉಳಿಯುತ್ತದೆ. ಐದೈದು ನಿಮಿಷದ ಎರಡು ಸುತ್ತು, ನಡುವೆ ಮಗುಚಿ. ಓಡುವಾಗ ಕೈ ಹಾಕಬೇಡಿ. ಸಣ್ಣ ಸ್ಕ್ರೂಗಳು ಕಂಪನಕ್ಕೆ ಸಡಿಲವಾಗುವುದುಂಟು, ಎಣಿಸಿ ಹಾಕಿ ಎಣಿಸಿ ತೆಗೆಯಿರಿ.

ಹಳೆಯ ಕೋವಿಯಲ್ಲಿ ತೊಳೆದ ಮೇಲೆ ಬಣ್ಣ ಹೋದಂತೆ ಕಂಡು ಗಾಬರಿಯಾಗುವವರಿದ್ದಾರೆ. ಎಷ್ಟೋ ಸಲ ಹೋದದ್ದು ಬ್ಲೂಯಿಂಗ್ ಆಗಿರುವುದಿಲ್ಲ. ಅದರಡಿ ಮೊದಲೇ ತುಕ್ಕು ಇತ್ತು, ಎಣ್ಣೆ ಮುಚ್ಚಿಟ್ಟಿತ್ತು.

ಇಲ್ಲಿಂದ ಅವಸರ ಬೇಕು. ತೊಟ್ಟಿಯಿಂದ ಬಂದ ಉಕ್ಕಿನ ಮೇಲೆ ಎಣ್ಣೆಯ ಪಸೆಯೂ ಉಳಿದಿರುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟಿನ) ತೇವದಲ್ಲಿ ನಿಮಿಷಗಳಲ್ಲೇ ಕಿತ್ತಳೆ ಬಣ್ಣ ಏಳುತ್ತದೆ. ಹಾಗಾಗಿ ಬಿಸಿ ಡಿಸ್ಟಿಲ್ಡ್ ವಾಟರಿನ ಪಾತ್ರೆ, ಡ್ರೈಯರ್, ಎಣ್ಣೆ ಮೂರನ್ನೂ ಮೊದಲೇ ಸಿದ್ಧ ಮಾಡಿಕೊಳ್ಳಿ. ಸೋಪಿನ ಉಪ್ಪು ಹೋಗುವಂತೆ ಜಾಲಾಡಿಸಿ, ಕೊಡವಿ, ಬಿಸಿಗಾಳಿ ಹಿಡಿಯಿರಿ. ಕೊನೆಮುಚ್ಚಿದ ತೂತು, ಸ್ಪ್ರಿಂಗಿನ ಸುರುಳಿ ಇಲ್ಲಿ ನೀರು ಅಡಗುತ್ತದೆ. ಡಬ್ಲ್ಯೂಡಿ-40 ಸಿಂಪಡಿಸಿದರೆ ನೀರು ಹೊರಗೆ ತಳ್ಳಲ್ಪಡುತ್ತದೆ. ಅದನ್ನೇ ರಕ್ಷಣೆಯೆಂದು ಬಿಡಬೇಡಿ, ಒರೆಸಿ ಕೋವಿ ಎಣ್ಣೆ ಹಾಕಿ. ಅದಿಲ್ಲದಿದ್ದರೆ ಹೊಲಿಗೆ ಮಿಷನ್ನಿನ ಎಣ್ಣೆ ಆದೀತು. ತೆಂಗಿನೆಣ್ಣೆ ಮಾತ್ರ ಬೇಡ, 24 ಡಿಗ್ರಿಯ ಆಸುಪಾಸಿನಲ್ಲೇ ಅದು ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಗೋಂದಾಗುತ್ತದೆ. ಫೈರಿಂಗ್ ಪಿನ್ನಿಗೆ ತೆಳು ಪಸೆಯಷ್ಟೇ ಸಾಕು, ಅತಿಯಾದರೆ ಮತ್ತೆ ಮಸಿಯನ್ನು ಕರೆಯುತ್ತದೆ. ಜೋಡಿಸಿ ಸೇಫ್ಟಿ ಹಿಡಿಯುತ್ತದೆಯೇ, ಪಿನ್ ಸಲೀಸಾಗಿ ಹಿಂದಕ್ಕೆ ಬರುತ್ತದೆಯೇ ನೋಡಿ. ವಾರ ಬಿಟ್ಟು ಬಿಳಿ ಬಟ್ಟೆಯಿಂದ ಒರೆಸಿ. ಕೆಂಪು ಬಂದರೆ ಎಲ್ಲೋ ನೀರು ಉಳಿದಿದೆ.

ಪೇಟೆಯ ಚಿನ್ನದ ಕೆಲಸದವರಲ್ಲೂ ಕನ್ನಡಕದ ಅಂಗಡಿಯಲ್ಲೂ ಇದೇ ಯಂತ್ರ ಇರುತ್ತದೆ. ಅಲ್ಲಿಗೆ ಕೊಂಡುಹೋಗಬೇಡಿ. 1959ರ ಆಯುಧ ಕಾಯ್ದೆಯ ಪ್ರಕಾರ ಬಿಡಿಭಾಗವೂ ಆಯುಧವೇ, ಪರವಾನಗಿ ಇಲ್ಲದವರ ಕೈಗೆ ಕೊಡುವಂತಿಲ್ಲ.

ತೋಟೆಯ ತಳದಲ್ಲಿ ಕಿಡಿ ಹೊತ್ತಿಸುವ ಕೇಪಿನ ಮಸಿಯಲ್ಲಿ ಹೆಚ್ಚಾಗಿ ಸೀಸ ಇರುತ್ತದೆ. ಕೆಲಸಕ್ಕೆ ಕೈಗವಸು ಬೇಕು, ಅದೇ ತೊಟ್ಟಿಯಲ್ಲಿ ಒಡವೆ, ಹಲ್ಲುಸೆಟ್ಟು ತೊಳೆಯಬಾರದು. ಕೊಳೆನೀರನ್ನು ಬಾವಿಯ ಬಳಿಗೂ ತೋಟದ ತೋಡಿಗೂ ಚೆಲ್ಲದೆ, ಮಕ್ಕಳ ಕೈಗೆ ಸಿಗದಲ್ಲಿ ಮುಚ್ಚಳವಿರುವ ಕ್ಯಾನಿನಲ್ಲಿ, ಒಳಗೇನಿದೆ ಎಂದು ಬರೆದು ಇಡಿ.